ಆಸಿಡ್ ಹೌಸ್ ಶಿಕಾಗೋದ್ದು, ಅದನ್ನ ಅವರಿಗೇ ಬಿಡೋಣ

"ಆಸಿಡ್ ಹೌಸ್ ಕಂಡುಹಿಡಿದಿದ್ದು ನಮ್ಮ ಇಂಡಿಯಾದವರು" ಅನ್ನೋ ಪೋಸ್ಟ್ ಆಗಾಗ ಓಡಾಡ್ತಾನೇ ಇರುತ್ತದೆ. ಆಸಿಡ್ ಹೌಸ್ ಅಂದರೆ ಕ್ಲಬ್ಬುಗಳಲ್ಲಿ ಕುಣಿಯೋಕೆ ಹಾಕೋ ಹೌಸ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತದ ಒಂದು ಕವಲು. ಆ ಪೋಸ್ಟ್ ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 (ಬೇಸ್ ದನಿ ಹೊರಡಿಸೋ ಮೆಷಿನ್), ಟಿಆರ್-808 (ಡ್ರಮ್ ಮೆಷಿನ್) ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟ್‌ಗೆ ಕೂರಿಸಿದ್ದು ನಿಜ. ಅದ್ಭುತ ರೆಕಾರ್ಡ್. ಆದರೆ ಆಗ ಅದನ್ನು ಇಲ್ಲಿನವರೇ ಕೇಳಲಿಲ್ಲ, ಹೊರಗಿನವರಿಗೆ ಗೊತ್ತಾಗಿದ್ದು 2010ರಲ್ಲಿ ಮತ್ತೆ ಬಿಡುಗಡೆಯಾದ ಮೇಲೆ. ಆಸಿಡ್ ಹೌಸ್ ಹುಟ್ಟಿಸಿದ ಶಿಕಾಗೋದ ಹುಡುಗರು ಅದನ್ನು ಕೇಳಿದ್ದರು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ.

ಆ ಹುಡುಗರು ಫ್ಯೂಚರ್ ಅನ್ನೋ ತಂಡದವರು. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ. 303 ಮಾಡಿದ್ದು ಜೊತೆಗೆ ಬೇಸ್ ನುಡಿಸೋರಿಲ್ಲದ ಗಿಟಾರ್‌ನವರಿಗೆ. ಅದರ ದನಿ ನಿಜವಾದ ಬೇಸ್ ಥರ ಇರಲೇ ಇಲ್ಲ, ಯಾರೂ ಕೊಳ್ಳಲಿಲ್ಲ, ಕೆಲವೇ ವರ್ಷಕ್ಕೆ ಕಂಪನಿ ಅದನ್ನು ನಿಲ್ಲಿಸಿತು. ಇವರಿಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಮೆಷಿನ್ ಒಂದೇ ಸಾಲನ್ನು ಸುತ್ತಿ ಸುತ್ತಿ ನುಡಿಸುತ್ತಿರುವಾಗಲೇ ಪಿಯರ್ ಅದರ ನಾಬ್‌ಗಳನ್ನು ತಿರುಗಿಸತೊಡಗಿದ. ಕಟಾಫ್ (ಎಷ್ಟು ಎತ್ತರದ ದನಿವರೆಗೆ ಹೊರಗೆ ಬಿಡಬೇಕು ಅನ್ನೋ ನಾಬ್) ಏರಿಸಿದರೆ ದನಿ ಬಾಯಿ ತೆರೆಯುತ್ತದೆ, ರೆಸೊನೆನ್ಸ್ (ಆ ಅಂಚಿನ ದನಿಯನ್ನು ಎತ್ತಿ ಹಿಡಿಯೋ ನಾಬ್) ಏರಿಸಿದರೆ ಒದ್ದೆ ಗಾಜಿನ ಮೇಲೆ ಬೆರಳು ಉಜ್ಜಿದ ಹಾಗೆ ಕೀರಲು ಹೊರಡುತ್ತದೆ. ಸ್ವರ ಅದೇ, ಸಾಲೂ ಅದೇ, ಬದಲಾಗೋದು ದನಿಯ ಬಣ್ಣ ಮಾತ್ರ. ಹತ್ತು ನಿಮಿಷ ದಾಟಿದರೂ ಅಷ್ಟೇ! ಅಷ್ಟರಲ್ಲೇ ಕೂತಲ್ಲಿ ಕೂರೋಕಾಗಲ್ಲ.

ಇದನ್ನು ರೆಕಾರ್ಡ್ ಮಾಡಿದ ಟೇಪ್ ಹೋಗಿದ್ದು ಶಿಕಾಗೋದ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ಡಿಜೆ ರಾನ್ ಹಾರ್ಡಿ ಹತ್ತಿರ. ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರೆಲ್ಲ ಜಾಗ ಖಾಲಿ ಮಾಡಿದರಂತೆ. ಅವನು ಬಿಡಲಿಲ್ಲ, ಅದೇ ರಾತ್ರಿ ಮತ್ತೆ ಮತ್ತೆ ಹಾಕಿದ, ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು ಅಂತ ಪಿಯರ್ ಹೇಳಿದ್ದಾನೆ. 1987ರಲ್ಲಿ ಟ್ರ್ಯಾಕ್ಸ್ ರೆಕಾರ್ಡ್ಸ್ ಕಂಪನಿಯಿಂದ ಅದೇ 'ಆಸಿಡ್ ಟ್ರ್ಯಾಕ್ಸ್' ಅನ್ನೋ ಹೆಸರಲ್ಲಿ ಹೊರಬಂತು, ಮುಂದಿನ ವರ್ಷ ಇಂಗ್ಲೆಂಡಿನ ಕ್ಲಬ್ಬುಗಳೆಲ್ಲ ಇದೇ ದನಿ.

ನನ್ನ ತಕರಾರು ಇಷ್ಟೇ. ಹೌಸ್ ಮ್ಯೂಸಿಕ್ ಕಟ್ಟಿದ್ದು ಶಿಕಾಗೋದ ಕಪ್ಪು ಜನ, ಅವರಲ್ಲಿ ಸಲಿಂಗಿಗಳು ಬಹಳ. ಅವರ ಹೆಸರು ಮೊದಲೇ ಎಷ್ಟೋ ಕಡೆ ಅಳಿಸಿಹೋಗಿದೆ. ನಮ್ಮ ಹೆಮ್ಮೆಗೋಸ್ಕರ ನಾವೂ ಅದನ್ನೇ ಮಾಡಬೇಕಾ? ಹಾಗೆ ಮಾಡಿದರೆ ಚರಣ್‌ಜಿತ್‌ಗೂ ಅನ್ಯಾಯವೇ. ಅವರ ರೆಕಾರ್ಡಿನಲ್ಲಿ ಮುಖ್ಯ ರಾಗ, 303 ಅದರ ಹಿಂದೆ ನಡೆಯುತ್ತದೆ. ಶಿಕಾಗೋದಲ್ಲಿ ರಾಗವೇ ಇಲ್ಲ, ಇರೋದೆಲ್ಲ ಆ ಮೆಷಿನ್ನೇ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಪೂರ್ತಿ ಕೇಳಿ, ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಬೇಸ್ ಕೇಳಿಸೋದೇ ಇಲ್ಲ.