ಓಟಿಪಿ ಬಂತು, ಕಣ್ಣು ತೆರೆಯಬೇಡಿ

ದೀಪಾವಳಿಗೆ ಮೂರು ದಿನ ರಜೆ ಕೇಳಿದ್ದೆ. ಆಫೀಸಿನವರು ಒಂದು ದಿನ ರಜೆ ಕೊಟ್ಟರು, ಉಳಿದ ಎರಡು ದಿನಕ್ಕೆ ನೆಮ್ಮದಿ ಕೊಟ್ಟರು. ಅದೂ ಆನ್‌ಲೈನ್‌ನಲ್ಲಿ. 'ಹಬ್ಬದ ಗಡಿಬಿಡಿಯಲ್ಲಿ ಮೈಂಡ್‌ಫುಲ್‌ನೆಸ್: ಈ ಕ್ಷಣದಲ್ಲಿ ಬದುಕಿ' ಅಂತ ಶಿಬಿರದ ಹೆಸರು. ಹಾಜರಿ ಕಡ್ಡಾಯ. ಕಣ್ಣು ಮುಚ್ಚಿರಬೇಕು, ಕ್ಯಾಮೆರಾ ತೆರೆದಿರಬೇಕು.

ಈ ಕ್ಷಣದಲ್ಲಿ ಬದುಕುವುದಕ್ಕೆ ನನ್ನ ತಕರಾರೇನಿಲ್ಲ. ಆದರೆ ಹಾಗೆ ಬದುಕುವವನಿಗೆ ಹಬ್ಬದ ಹೊತ್ತಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರ್ತ್ ಸಿಗುವುದಿಲ್ಲ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ಶುರು. ಗಣಪತಿ ಇನ್ನೂ ಮನೆಗೆ ಬಂದಿರುವುದಿಲ್ಲ, ಅಷ್ಟರಲ್ಲಿ ನೀವು ದೀಪಾವಳಿಯಲ್ಲಿ ಇರಬೇಕು. ಮೊದಲು ಇದು 120 ದಿನ ಇತ್ತು. 2024ರ ನವೆಂಬರ್ 1ರಿಂದ ಅರ್ಧಕ್ಕೆ ಇಳಿಸಿದರು. ನಮ್ಮನ್ನು ವರ್ತಮಾನದ ಹತ್ತಿರ ಇಷ್ಟಾದರೂ ಎಳೆದು ತಂದದ್ದು ಯಾವ ಗುರುವೂ ಅಲ್ಲ, ರೈಲ್ವೆ ಇಲಾಖೆ.

ಆ 60ನೇ ದಿನವನ್ನು ನಾನು ಮರೆತೆ. ಖಾಸಗಿ ಬಸ್ಸಿನ ದರ ನೋಡಿದೆ. ಉಸಿರಾಟದ ಕಡೆ ಗಮನ ತಾನಾಗಿಯೇ ಹೋಯಿತು. ಇನ್ನು ಉಳಿದದ್ದು ತತ್ಕಾಲ್. ಸ್ಲೀಪರ್ ಬುಕಿಂಗ್ ತೆರೆಯುವುದು ಪ್ರಯಾಣದ ಹಿಂದಿನ ದಿನ ಬೆಳಗ್ಗೆ 11ಕ್ಕೆ. ಶಿಬಿರ ಹತ್ತೂವರೆಯಿಂದ ಹನ್ನೊಂದೂವರೆ.

ಮೊದಲ ದಿನದ ಪಾಠ ಒಣದ್ರಾಕ್ಷಿಯದು. ಒಂದೇ ಒಂದು ದ್ರಾಕ್ಷಿ. ಮೊದಲು ಅದನ್ನು ನೋಡಬೇಕು. ಆಮೇಲೆ ಮೂಸಬೇಕು. ಕಿವಿಯ ಹತ್ತಿರ ಹಿಡಿದು ಕೇಳಬೇಕು. (ನನ್ನ ದ್ರಾಕ್ಷಿ ಏನೂ ಹೇಳಲಿಲ್ಲ. ಅದೂ ಮ್ಯೂಟ್‌ನಲ್ಲಿತ್ತು.) ಕೊನೆಗೆ ನಾಲಿಗೆ ಮೇಲಿಡಬೇಕು, ಅಗಿಯಬಾರದು. ನಲವತ್ತು ಜನ ಬಾಯಲ್ಲಿ ದ್ರಾಕ್ಷಿ ಇಟ್ಟುಕೊಂಡು ಕೂತಿದ್ದೆವು, ಗಂಟಲು ನೋವಿನ ಮಾತ್ರೆ ಚೀಪುವವರ ಹಾಗೆ.

ದ್ರಾಕ್ಷಿಯದು ತಪ್ಪಿಲ್ಲ ಬಿಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಎಂಬವರು ಇಂಥ ಅಭ್ಯಾಸಗಳನ್ನು ಕಲಿಸಲು ಶುರು ಮಾಡಿದರು. ಬರುತ್ತಿದ್ದವರು ವರ್ಷಗಟ್ಟಲೆ ನೋವು ತಿಂದವರು. 8 ವಾರದ ಕೋರ್ಸು. ಅದು ನಮ್ಮ ಆಫೀಸು ಮುಟ್ಟುವ ಹೊತ್ತಿಗೆ 8 ವಾರ ಎರಡು ಗಂಟೆ ಆಗಿದೆ, ನೋವಿನ ಜಾಗಕ್ಕೆ ಎಚ್‌ಆರ್ ಬಂದಿದೆ. ಇದರ ಬೇರು ಬೌದ್ಧರಲ್ಲಿದೆ. ಪಾಳಿಯಲ್ಲಿ 'ಸತಿ' ಅಂತಾರೆ, ಅಂದರೆ ಎಚ್ಚರ, ನೆನಪು. ಕನ್ನಡದಲ್ಲಿ ಸತಿಗೆ ಬೇರೆ ಅರ್ಥ. ಆದರೆ ಹಬ್ಬದ ದಿನ ಬೆಳಗಿನ ನಾಲ್ಕಕ್ಕೆ ಮನೆಯಲ್ಲಿ ಯಾರು ಎಚ್ಚರವಾಗಿರುತ್ತಾರೆ ಅಂತ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ?

ಸಂಜೆ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಕೊಂಡು ಕರ್ಚಿಕಾಯಿ ತುಂಬುತ್ತಿದ್ದಳು. ಅಂಚಿಗೆ ನೀರು ಸವರಿ, ಮಡಚಿ, ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಎಲ್ಲಾದರೂ ಚೂರು ಸಂದಿ ಉಳಿದರೆ ಮುಗೀತು. ಎಣ್ಣೆಗೆ ಬಿದ್ದ ಕೂಡಲೇ ಬಾಯಿ ಬಿಟ್ಟು, ಹೂರಣ ಚೆಲ್ಲಿ, ಬಾಣಲೆಯ ಎಣ್ಣೆಯೆಲ್ಲ ಕರ್ರಗಾಗುತ್ತದೆ.

"ಅವ್ವಾ, ಆಫೀಸಿನ್ಯಾಗ ಕಣ್ಣು ಮುಚ್ಚಿ ಕುಂಡ್ರೋದು ಕಲಸಾಕತ್ತಾರ."

"ಅದಕ್ಕೂ ಪಗಾರ ಕೊಡ್ತಾರೇನು?"

"ಹೂಂ. ಹಿಂದಿಂದು ಮುಂದಿಂದು ಚಿಂತಿ ಬಿಟ್ಟು ಸುಮ್ಮ ಕುಂದ್ರಬೇಕಂತ. ನಿನಗೂ ಹೇಳಿಕೊಡ್ಲೇನು?"

"ನಿಮ್ಮಪ್ಪಗ ಮಾತ್ರ ಹೇಳಬ್ಯಾಡ. ಮುಂಜಾನಿಂದ ಪೇಪರ್ ಹಿಡಕೊಂಡು ಅವ್ರು ಅದನ್ನ ಮಾಡಾಕತ್ತಾರ."

ಫೋನ್ ಇಟ್ಟಳು. ಎಣ್ಣೆ ಕಾದಿತ್ತು.

ರಾತ್ರಿ ಆ್ಯಪ್ ಬೇರೆ ಎಬ್ಬಿಸಿತು. ಆಫೀಸಿನವರೇ ಹಾಕಿಸಿಕೊಟ್ಟದ್ದು. 'ನೀವು ಇವತ್ತು ಇನ್ನೂ ಶಾಂತರಾಗಿಲ್ಲ! ಇನ್ನು 40 ನಿಮಿಷ ಮಾತ್ರ!' ಅದರ ಕೆಳಗೆ ದೀಪಾವಳಿ ಆಫರ್: ಕೃತಜ್ಞತೆಯ ಡೈರಿ, ಒಂದು ಕೊಂಡರೆ ಒಂದು ಉಚಿತ.

ಎರಡನೇ ದಿನದ ಪಾಠ ಸದ್ದಿನದು. "ಸುತ್ತಲಿನ ಸದ್ದುಗಳನ್ನು ಸುಮ್ನೆ ಗಮನಿಸಿ. ಅವುಗಳ ಹಿಂದೆ ಹೋಗಬೇಡಿ" ಅಂದರು ಶಿಬಿರದ ಮೇಡಂ. ಗಂಟೆ ಸರಿಯಾಗಿ 11. ಕ್ಯಾಮೆರಾಕ್ಕೆ ಕಾಣದಂತೆ ಮೊಬೈಲ್ ಮಡಿಲಲ್ಲಿಟ್ಟುಕೊಂಡು, ಒಂದು ಕಣ್ಣು ಅರ್ಧ ತೆರೆದು, ಹೆಸರು, ವಯಸ್ಸು, ಎಲ್ಲ ಒತ್ತಿದೆ. ಟಿಂಗ್. ಓಟಿಪಿ ಬಂತು. ಅಷ್ಟರಲ್ಲಿ ಮ್ಯಾನೇಜರ್ ಚಾಟ್‌ನಲ್ಲಿ ನನ್ನ ಹೆಸರು ಹಾಕಿ 'ಕಣ್ಣು ಪ್ಲೀಸ್' ಅಂದರು. ಮುಚ್ಚಿದೆ. ಆ ಟಿಂಗ್ ಅನ್ನು ಸುಮ್ನೆ ಗಮನಿಸಿದೆ. ಅದರ ಹಿಂದೆ ಹೋಗಲಿಲ್ಲ. ಗಮನಿಸಿ ಮುಗಿಯುವಷ್ಟರಲ್ಲಿ ವೇಟಿಂಗ್ ಲಿಸ್ಟ್ 94.

ಆಗ ಒಂದು ಸಂಗತಿ ಹೊಳೆಯಿತು. ಮೇಡಂ ದನಿಯೇ ಇಲ್ಲ. ಎರಡು ನಿಮಿಷ, ಮೂರು ನಿಮಿಷ, ಎಲ್ಲರೂ ಕಣ್ಣು ಮುಚ್ಚಿ ಕೂತೇ ಇದ್ದೇವೆ. 11 ಗಂಟೆ 6 ನಿಮಿಷಕ್ಕೆ ಅವರು ತೆರೆಗೆ ವಾಪಸ್ ಬಂದರು. "ಸಾರಿ, ನೆಟ್‌ವರ್ಕ್ ಹೋಗಿತ್ತು." ಮುಖ ಅರಳಿತ್ತು. ಎರಡು ದಿನದ ಶಿಬಿರದಲ್ಲಿ ಆನಂದ ಅಂತ ನಾನು ಕಣ್ಣಾರೆ ಕಂಡದ್ದು ಅದೊಂದನ್ನೇ.

"ಯಾವ ಊರು ಮೇಡಂ?" ಅಂತ ಚಾಟ್‌ನಲ್ಲಿ ಯಾರೋ ಕೇಳಿದರು.

"ಕಾರವಾರ," ಅಂದರು. "ಸೈಡ್ ಅಪ್ಪರ್."