ಇದಕ್ಕೂ ಲಿಸ್ಟ್ ಬೇಕಾ ಅಂತ ಕೇಳಿದವನಿಗೆ

ಶನಿವಾರ ಬೆಳಿಗ್ಗೆ ಆರೂವರೆ. ಕೆರೆ ದಡದಲ್ಲಿ ಬೋಟ್ ಇಳಿಸೋ ರ‍್ಯಾಂಪಿಗೆ ಕ್ಯೂ, ನನ್ನ ಮುಂದೆ ಮೂರು ಗಾಡಿ. (ಇಲ್ಲಿಯವರು ಲೇಕ್ ಅಂತಾರೆ, ನಂಗೆ ಮಾತ್ರ ಇಷ್ಟು ವರ್ಷ ಆದ್ರೂ ಅದು ಕೆರೆಯೇ. ಕಡಲ ದಡದ ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಆಚೆ ದಡ ಕಾಣೋದೆಲ್ಲ ಕೆರೆ.) ಮಿನೆಸೋಟಾದಲ್ಲಿ ನೀರು ನೀರಾಗಿ ಇರೋದೇ ವರ್ಷದಲ್ಲಿ ಕೆಲವು ತಿಂಗಳು, ಉಳಿದದ್ದು ಐಸು, ಹಾಗಾಗಿ ಬೇಸಿಗೆಯ ಶನಿವಾರ ಬಂತಂದ್ರೆ ಇಡೀ ಊರೇ ಟ್ರೈಲರ್ ಕಟ್ಕೊಂಡು ಹೊರಟಿರ್ತದೆ.

ನನ್ನ ಮುಂದಿದ್ದವನದ್ದು ಹೊಳೆಯೋ ಟ್ರಕ್, ಇಪ್ಪತ್ತಡಿಯ ಬೋಟು. ರಿವರ್ಸ್ ತಗೊಂಡ ನೋಡಿ, ಒಂದೇ ಸಲ, ಸೂಜಿಗೆ ದಾರ ಪೋಣಿಸಿದ ಹಾಗೆ. ನಂಗೆ ಅದಕ್ಕೆ ಈಗ್ಲೂ ನಾಲ್ಕು ಸಲ ಹಿಂದೆಮುಂದೆ ಆಗ್ಬೇಕು, ಹೊಟ್ಟೆ ಉರೀತು. ಬೋಟ್ ಇಳಿಸಿ ಡಾಕಿಗೆ ಕಟ್ಟಿ ಟ್ರಕ್ ಪಾರ್ಕ್ ಮಾಡ್ಲಿಕ್ಕೆ ಹೋದ, ಅಲ್ಲಿ ಯಾರೋ ಗುರ್ತದವರು ಸಿಕ್ರು, ವಾಲೈ ಮೀನು ಎಲ್ಲಿ ಕಚ್ತಾ ಇದೆ ಅಂತ ಹತ್ತು ನಿಮಿಷ ಪಟ್ಟಾಂಗ. ಅಷ್ಟೊತ್ತಿಗೆ ಇಲ್ಲಿ ಬೋಟಿನ ಹಿಂಬದಿ ಮೆಲ್ಲಗೆ ಕೂರ್ಲಿಕ್ಕೆ ಶುರು ಮಾಡಿತ್ತು, ಊಟ ಜಾಸ್ತಿ ಆದ ಮದುಮಗನ ಹಾಗೆ. ಡಾಕಿನ ಮೇಲಿದ್ದ ಯಾರೋ "ಪ್ಲಗ್! ಪ್ಲಗ್!" ಅಂತ ಕೂಗಿದ್ರು. ಆ ಕೂಗು ಕೇಳಿದ್ರೆ ಸಾಕು, ಇಲ್ಲಿ ಎಲ್ಲರ ಕೈ ಮೊದಲು ಫೋನಿಗೆ ಹೋಗ್ತದೆ, ಆಮೇಲೆ ಸಹಾಯಕ್ಕೆ.

ನಂಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ಕನ್ನಡ ಬಳಗದ ಗೆಳೆಯನ ಮೇಲೆ. ಮೊದಲ ಸಲ ನನ್ನ ಜೊತೆ ಫಿಶಿಂಗಿಗೆ ಬಂದಿದ್ದ, ಆ ಬೋಟ್ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕ, ಮತ್ತೆ ತಿರುಗಿ ನನ್ನ ಕೈಯಲ್ಲಿದ್ದ ಲ್ಯಾಮಿನೇಟ್ ಮಾಡಿದ ಕಾರ್ಡ್ ನೋಡಿ ಹೇಳ್ತಾನೆ: "ಒಂದು ಪ್ಲಗ್ ಹಾಕೋಕೆ, ಇದಕ್ಕೂ ಲಿಸ್ಟ್ ಬೇಕಾ ಮಾರಾಯ?"

ಕಣ್ಣೆದುರಿಗೇ ಒಬ್ಬನ ಬೋಟ್ ಮುಳುಗ್ತಾ ಇದೆ. ಅದೇ ಒಂದು ಪ್ಲಗ್ ಇಲ್ಲದೆ. ಆದ್ರೂ ಕೇಳ್ತಾನೆ, ಇದಕ್ಕೂ ಲಿಸ್ಟ್ ಬೇಕಾ.

ಗೊತ್ತಿಲ್ಲದವರಿಗೆ ಹೇಳ್ತೇನೆ. ಬೋಟಿನ ಹಿಂಬದಿ ತಳದಲ್ಲಿ ಹೆಬ್ಬೆರಳು ತೂರೋ ಅಷ್ಟು ದೊಡ್ಡ ತೂತು ಇರ್ತದೆ, ಮೇಲೆತ್ತಿದಾಗ ಒಳಗಿನ ನೀರು ಹರಿದು ಹೋಗ್ಲಿ ಅಂತ. ಇಳಿಸುವಾಗ ಅದಕ್ಕೆ ಬಿರಡೆ, ಅಂದ್ರೆ ಈ ಪ್ಲಗ್, ಹಾಕ್ಬೇಕು. ಹಾಕದಿದ್ರೆ, ಒಂದಿಂಚಿನ ತೂತು ನೀರಿನ ಮಟ್ಟದಿಂದ ಒಂದಡಿ ಕೆಳಗಿದ್ರೆ ನಿಮಿಷಕ್ಕೆ ಹತ್ತಿರ ಹತ್ತಿರ 40-50 ಲೀಟರ್ ಒಳಗೆ ಬರ್ತದೆ. ಅಂದ್ರೆ ನಿಮಿಷಕ್ಕೆ ಎರಡು ಮೂರು ಕೊಡಪಾನ, ನೀವು ಪಟ್ಟಾಂಗ ಹೊಡೆಯೋ ಅಷ್ಟೂ ಹೊತ್ತು. ಅದೂ ಫ್ಲೋರಿನ ಅಡಿಗೆ ತುಂಬೋದು, ಮೇಲೆ ನಿಂತವನಿಗೆ ಕಾಣೋದೇ ಇಲ್ಲ. ಆಟೋಮ್ಯಾಟಿಕ್ ಬಿಲ್ಜ್ ಪಂಪ್ ಇದ್ರಂತೂ ಇನ್ನೂ ಚಂದ, ಅದು ಪಾಪ ನೀರು ಎತ್ತಿ ಎತ್ತಿ ಹೊರಗೆ ಹಾಕ್ತಾ ನಿಮ್ಮ ಮರೆವನ್ನ ಮುಚ್ಚಿಡ್ತದೆ, ಬ್ಯಾಟರಿ ಖಾಲಿ ಆಗೋವರೆಗೆ.

ಮತ್ತೆ ಒಮ್ಮೆ ಹಾಕಿ ಬಿಟ್ಟು ಮರೆತುಬಿಡೋಣ ಅಂದ್ರೆ ಅದೂ ಆಗೋದಿಲ್ಲ, ಇಲ್ಲಿ ಕಾನೂನೇ ಉಂಟು, ರಸ್ತೆ ಮೇಲೆ ಬೋಟ್ ಎಳ್ಕೊಂಡು ಹೋಗುವಾಗ ಪ್ಲಗ್ ತೆಗೆದಿರ್ಬೇಕು. ಕಾರಣ ಝೀಬ್ರಾ ಮಸಲ್ ಅನ್ನೋ ಉಗುರಿನಷ್ಟು ಚಿಪ್ಪು. ನಮ್ಮೂರಲ್ಲಿ ತಿನ್ನೋ ಚಿಪ್ಪುಮೀನು ಮಳಿಯ ದೂರದ ನೆಂಟ ಅಂದ್ಕೊಳ್ಳಿ, ಆದ್ರೆ ಸುಕ್ಕಾ ಮಾಡ್ಲಿಕ್ಕೆ ಬರೋದಿಲ್ಲ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯಿಂದ ಹಡಗುಗಳು ಸಮತೋಲಕ್ಕೆ ತುಂಬ್ಕೊಳ್ಳೋ ಬ್ಯಾಲಸ್ಟ್ ನೀರಲ್ಲಿ ಬಂದು, 1989ರಲ್ಲಿ ಡುಲುತ್ ಬಂದರಿನಲ್ಲಿ ಕಾಣಿಸ್ಕೊಂಡು, 2010ಕ್ಕೆ ಮಿನೆಟೊಂಕಾ ಕೆರೆಗೂ ತಲುಪಿತು. ಅದರ ಮರಿ ಕಣ್ಣಿಗೆ ಕಾಣೋದಿಲ್ಲ, ಬೋಟಿನ ತಳದಲ್ಲಿ ಉಳಿದ ನೀರಲ್ಲಿ ಕೂತು ಒಂದು ಕೆರೆಯಿಂದ ಇನ್ನೊಂದಕ್ಕೆ ಪುಕ್ಕಟೆ ಪ್ರಯಾಣ. ಹಾಗಾಗಿ ಪ್ರತಿ ಸಲ ತೆಗಿ, ಪ್ರತಿ ಸಲ ಹಾಕು. ಮರೀಲಿಕ್ಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆಯನ್ನ ಯಾರೂ ಬೇಕಂತಲೇ ಕೂತು ಮಾಡಿದ್ರೂ ಆಗ್ತಿರ್ಲಿಲ್ಲ.

ನಮ್ಮ ಗೆಳೆಯ ಹೇಳ್ತಾನೆ, "ಗೊತ್ತಿರೋ ವಿಷಯಕ್ಕೆ ಯಾಕೋ ಲಿಸ್ಟು, ಕಾಮನ್ ಸೆನ್ಸ್ ಅಲ್ವಾ?" ಗೊತ್ತಿರೋದೇ ಸಮಸ್ಯೆ ಮಾರಾಯ! ಆ ಟ್ರಕ್ಕಿನವನಿಗೆ ಪ್ಲಗ್ ಹಾಕ್ಬೇಕು ಅಂತ ಗೊತ್ತಿಲ್ವಾ? ನನಗಿಂತ ಹತ್ತು ಪಾಲು ಗೊತ್ತಿದೆ. ನಮ್ಮ ಕುಂದಾಪ್ರ ಕನ್ನಡದಲ್ಲಿ "ಗೊತ್ತಿತ್" ಅಂದ್ರೆ ಈಗ ಗೊತ್ತಿದೆ ಅಂತ ಅರ್ಥ, ಬೆಂಗಳೂರಿನವರಿಗೆ ಅದೇ "ಗೊತ್ತಿತ್ತು" ಅಂದ್ರೆ ಆವಾಗ ಗೊತ್ತಿತ್ತು, ಈಗ ಕತೆ ಬೇರೆ. ಹಾಸ್ಟೆಲಿನಲ್ಲಿ ಇದೇ ಮಾತಿಗೆ ಎಷ್ಟು ಸಲ ಜಗಳ ಆಗಿದೆಯೋ. ಬೋಟ್ ವಿಷಯಕ್ಕೆ ಮಾತ್ರ ಎರಡೂ ಅರ್ಥ ಒಟ್ಟಿಗೇ ಸರಿ. ಪ್ಲಗ್ ಹಾಕುದ್ ನಂಗ್ ಗೊತ್ತಿತ್.

ಸರಿ, ಈಗ ಹೇಳ್ತೇನೆ, ನಾನೂ ಮಾಡಿದ್ದೇನೆ. ಎರಡು ವರ್ಷದ ಹಿಂದೆ. ಪ್ಲಗ್ ಕೈಯಲ್ಲಿ ಹಿಡ್ಕೊಂಡು ಬಗ್ಗಿದ್ದೆ, ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್, "ಬೋಟ್ ತೋರ್ಸ್ ಮಗಾ" ಅಂತ. ತೋರಿಸಿದೆ. ಎದ್ದು ನಿಂತು ಸುತ್ತ ತಿರುಗಿ ತೋರಿಸಿದೆ, ಪ್ಲಗ್ ಅಂಗಿ ಜೇಬಿಗೆ ಹೋಯ್ತು, ಅಮ್ಮ ಖುಷಿಯಾದ್ರು, ಬೋಟ್ ನೀರಿಗಿಳೀತು. ಇಪ್ಪತ್ತು ನಿಮಿಷದ ಮೇಲೆ ಕೆರೆ ಮಧ್ಯದಲ್ಲಿ ಮಗಳ ಒಂದು ಚಪ್ಪಲಿ ನನ್ನ ಕಾಲಿನ ಪಕ್ಕದಿಂದ ತೇಲ್ಕೊಂಡು ಹೋಯ್ತು. ಗುಲಾಬಿ ಬಣ್ಣದ್ದು. ಬಿಲ್ಜ್ ಪಂಪ್ ಆಗಿನಿಂದ ಗುಂಯ್ ಅಂತಿತ್ತು, ನಾನು ಅದನ್ನ ಇಂಜಿನ್ ಸದ್ದು ಅಂದ್ಕೊಂಡು ಎಷ್ಟು ಸ್ಮೂತ್ ಅಂತ ಮೆಚ್ಕೊಳ್ತಿದ್ದೆ. ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಹೆಂಡತಿ ಮೇಲೆ ಕಿರುಚಿದ್ದು. "ನೀನಾದ್ರೂ ನೋಡ್ಬೇಕಿತ್ತಲ್ವಾ!" ಪ್ಲಗ್ ನನ್ನ ಎದೆ ಮೇಲಿನ ಜೇಬಿನಲ್ಲೇ ಇದೆ. ಹೇಗೋ ದಡ ಸೇರಿದ್ವಿ. ಅವಳು ಅಲ್ಲಿ ಏನೂ ಹೇಳ್ಲಿಲ್ಲ, ಮನೆಗೆ ಬಂದು ಅಕ್ಕಿ ತೊಳೀತಾ ಒಂದೇ ಮಾತು: "ನಾನು ನೋಡ್ಬೇಕಿತ್ತು ಅಂತ ಎಲ್ಲಿ ಬರ್ದಿತ್ತು?"

ಈ ಪ್ರಶ್ನೆ ತಮಾಷೆ ಅಲ್ಲ. 1987ರ ಮಾರ್ಚ್ 6ಕ್ಕೆ ಬೆಲ್ಜಿಯಂನ ಝೀಬ್ರೂಗ ಬಂದರಿನಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಅನ್ನೋ ಫೆರಿ ಹೊರಡ್ತು, ಕಾರು ಲಾರಿ ಒಳಗೆ ನುಗ್ಗಿಸೋ ಮುಂದಿನ ಬಾಗಿಲು ತೆರೆದೇ ಇತ್ತು. ಮುಚ್ಚಬೇಕಾದವನು ತನ್ನ ಕ್ಯಾಬಿನ್‌ನಲ್ಲಿ ನಿದ್ದೆ ಮಾಡ್ತಿದ್ದ. ಅವನ ಮೇಲಿನವನು ಆ ಡೆಕ್ಕಿನಿಂದ ಕೊನೆಗೆ ಹೊರಟವನು, ಆದ್ರೆ ಬಾಗಿಲು ಮುಚ್ಚೋದು ಅವನ ಲೆಕ್ಕದಲ್ಲಿ ತನ್ನ ಕೆಲಸ ಅಲ್ಲ. ಕ್ಯಾಪ್ಟನ್‌ಗೆ ಮೇಲಿಂದ ಬಾಗಿಲು ಕಾಣೋದಿಲ್ಲ, ಮುಚ್ಚಿದ್ಯೋ ಇಲ್ವೋ ಅಂತ ತೋರಿಸೋ ಒಂದು ಲೈಟೂ ಇರ್ಲಿಲ್ಲ. ಅಲ್ಲಿನ ಪದ್ಧತಿ ಏನು ಅಂದ್ರೆ ಯಾರೂ ಏನೂ ಹೇಳದಿದ್ರೆ ಎಲ್ಲ ಸರಿ ಇದೆ ಅಂತ ಅರ್ಥ. ಯಾರೂ ಏನೂ ಹೇಳ್ಲಿಲ್ಲ. ಬಂದರು ದಾಟಿ ಸ್ವಲ್ಪ ಹೊತ್ತಿಗೇ ಮಗುಚಿತು, 193 ಜನ ಹೋದ್ರು. ಅಷ್ಟೂ ಸಿಬ್ಬಂದಿಯಲ್ಲಿ "ಬಾಗಿಲು ಹಾಕ್ಬೇಕು" ಅಂತ ಗೊತ್ತಿಲ್ಲದವರು ಒಬ್ಬರೂ ಇರ್ಲಿಲ್ಲ. ಕಾಮನ್ ಸೆನ್ಸ್ ಬೇಕಾದಷ್ಟಿತ್ತು.

ಈಗ ಕಮೆಂಟಿನಲ್ಲಿ ಯಾರಾದ್ರೂ ಬಂದೇ ಬರ್ತಾರೆ ಅಂತ ಗೊತ್ತು, "ನಮ್ಮೂರ ಮೊಗವೀರರು ಯಾವ ಚೆಕ್‌ಲಿಸ್ಟ್ ನೋಡಿ ದೋಣಿ ಇಳಿಸ್ತಾರೆ, ಇದೆಲ್ಲ ಅಮೆರಿಕದವರ ಶೋಕಿ" ಅಂತ. ನೀವೇ ಮಾರಾಯ್ರೆ, ನಿಮ್ಮನ್ನೇ ಕಾಯ್ತಿದ್ದೆ. ನಮ್ಮದು ದೋಣಿ ಮನೆ ಅಲ್ಲ, ಅಪ್ಪ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೀತಿದ್ದದ್ದು, ಆದ್ರೆ ಸ್ಕೂಲ್ ರಜೆಯಲ್ಲಿ ನಾನು ಇಡೀ ದಿನ ಬಂದರಿನಲ್ಲೇ ಬಿದ್ದಿರ್ತಿದ್ದೆ. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟ್ ಹೊರಡುವಾಗ ನಮ್ಮ ನೆರೆಮನೆಯ ತಾಂಡೇಲರು (ಬೋಟ್ ನಡೆಸೋ ಯಜಮಾನರು) ಹಗ್ಗ ಬಿಚ್ಚೋ ಮೊದಲು ಒಂದೊಂದೇ ಹೆಸರು ಕೂಗ್ತಿದ್ರು. ಡೀಸೆಲ್? ಐಸ್? ಕುಡಿಯೋ ನೀರು? ಅಕ್ಕಿ? ಬಲೆ? ಪ್ರತಿಯೊಂದಕ್ಕೂ ಯಾರಾದ್ರೂ ಒಬ್ಬ ಅದನ್ನ ಮುಟ್ಟಿ "ಇತ್ತ್!" ಅಂತ ಕೂಗ್ಬೇಕು. ತಲೆ ಆಡಿಸಿದ್ರೆ ಬೈಗುಳ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು ತೆಂಗಿನಕಾಯಿ ಬಿಟ್ಟು ಕೈ ಮುಗಿದವರೇ ಅವರು, ಆದ್ರೆ ಅಳಿವೆ ಬಾಗಿಲು ದಾಟುವಾಗ ಡೀಸೆಲ್ ಇದೆಯಾ ಇಲ್ವಾ ಅನ್ನೋದನ್ನ ಸಮುದ್ರರಾಜನ ಮೇಲೆ ಬಿಡ್ತಿರ್ಲಿಲ್ಲ. ಅದು ಲಿಸ್ಟ್ ಅಲ್ವಾ? ಲ್ಯಾಮಿನೇಟ್ ಮಾಡಿರ್ಲಿಲ್ಲ ಅಷ್ಟೇ. ಅದೂ ಅವರು ವರ್ಷದಲ್ಲಿ ಹತ್ತು ತಿಂಗಳು ಅದೇ ಕೆಲಸ ಮಾಡೋವ್ರು. ನಾನು ವರ್ಷಕ್ಕೆ ಹದಿನೈದು ಸಲ, ಮಧ್ಯೆ ಕಂಪನಿಯ ಇಮೇಲ್ ತಲೆಯಲ್ಲಿ ತುಂಬ್ಕೊಂಡು. ಯಾರಿಗೆ ಕಾರ್ಡ್ ಜಾಸ್ತಿ ಬೇಕು ಹೇಳಿ.

ನನ್ನ ಕಾರ್ಡಿನಲ್ಲಿ ಇರೋದೇ ಒಂಬತ್ತು ಸಾಲು. ಹೆಂಡತಿ ಬರೆದದ್ದು, ಹಾಗಾಗಿ ಅಕ್ಷರ ಚಂದ ಇದೆ. ರ‍್ಯಾಂಪಿಗೆ ಹೋಗೋ ಮೊದಲೇ, ಪಕ್ಕಕ್ಕೆ ನಿಲ್ಲಿಸಿ, ಮಗಳು ಜೋರಾಗಿ ಓದ್ತಾಳೆ, ನಾನು ಮುಟ್ಟಿ ಉತ್ತರ ಕೊಡ್ತೇನೆ. ಬಿರಡೆ ಮೊದಲು (ಅವಳಿಗೆ ಕನ್ನಡದಲ್ಲಿ ನಿರರ್ಗಳವಾಗಿ ಬರೋ ಹತ್ತಿಪ್ಪತ್ತು ಪದದಲ್ಲಿ ಬಿರಡೆ ಒಂದು). ಮುಂದಿನ ಹಗ್ಗ, ಹಿಂದಿನ ಹಗ್ಗ. ಬೋಟನ್ನ ಟ್ರೈಲರಿಗೆ ಬಿಗಿದ ಹಿಂಬದಿ ಪಟ್ಟಿ ಬಿಚ್ಚಿದ್ಯಾ. ಮುಂದಿನ ವಿಂಚ್ ಕೊಕ್ಕೆ ಮಾತ್ರ ಬಿಚ್ಚೋ ಹಾಗಿಲ್ಲ, ಅದು ನೀರು ಮುಟ್ಟಿದ ಮೇಲೆ, ಇಳಿಜಾರಿನಲ್ಲೇ ಬಿಚ್ಚಿ ಬೋಟನ್ನ ಕಾಂಕ್ರೀಟಿನ ಮೇಲೆ ಜಾರಿಸಿದವರನ್ನ ನೋಡಿದ್ದೇನೆ, ಆ ಸದ್ದು ಕೇಳ್ಬಾರ್ದು. ಲೈಫ್ ಜಾಕೆಟ್, ಹತ್ತು ವರ್ಷದೊಳಗಿನವರಿಗೆ ಇಲ್ಲಿ ಕಡ್ಡಾಯ. ಇಂಜಿನ್ ಆಫ್ ಮಾಡೋ ಸುರುಳಿ ದಾರ, ಓಡಿಸೋವ್ನು ನೀರಿಗೆ ಬಿದ್ರೆ ಇಂಜಿನ್ ನಿಲ್ಲೋದು ಅದರಿಂದ. ಬೋಟಿನ ಕೀ (ನಗಬೇಡಿ, ಒಮ್ಮೆ ನಲವತ್ತು ಮೈಲಿ ವಾಪಸ್ ಹೋಗಿದ್ದೇವೆ). ಪ್ಲಗ್ ಮನೆಯಿಂದ ಹೊರಡುವಾಗ ಟ್ರಕ್ಕಿನ ಗೇರ್ ಲಿವರ್‌ಗೆ ಕೆಂಪು ದಾರದಲ್ಲಿ ನೇತಾಡ್ತಿರ್ತದೆ, ರಿವರ್ಸ್ ಹಾಕ್ಬೇಕಂದ್ರೆ ಕೈಗೆ ಸಿಗಲೇಬೇಕು. ಮತ್ತೆ ಎಲ್ಲದಕ್ಕಿಂತ ದೊಡ್ಡ ನಿಯಮ ಕಾರ್ಡಿನ ಅಡಿಯಲ್ಲಿ ಕೆಂಪು ಪೆನ್ನಿನಲ್ಲಿದೆ: ಮಧ್ಯದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಮೊದಲಿಂದ ಶುರು. ಅಮ್ಮ ಆದ್ರೂ ಸರಿ.

ಇಷ್ಟೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ ನಮ್ಮ ಬಳಗದ ವಾಟ್ಸಾಪ್ ಗ್ರೂಪಿಗೆ ಇಷ್ಟೊತ್ತಿಗೆ ಒಂದು ಫೋಟೋ ಬಂದಿರ್ತದೆ. ನೀವು ಅದನ್ನ ನೋಡೋ ಮೊದಲೇ ಹೇಳಿಬಿಡ್ತೇನೆ.

ಆ ಟ್ರಕ್ಕಿನವನಿಗೆ ನನ್ನ ಸ್ಪೇರ್ ಪ್ಲಗ್ ಕೊಡ್ಲಿಕ್ಕೆ ಓಡಿದೆ. ಮಗಳು ಆಗಷ್ಟೇ ಮೂರನೇ ಸಾಲು ಓದಿದ್ಳು. ಪ್ಲಗ್ ಕೊಟ್ಟೆ, ಅವನ ಬೋಟ್ ಟ್ರೈಲರ್‌ಗೆ ಹತ್ತಿಸ್ಲಿಕ್ಕೆ ಕೈ ಹಾಕಿದೆ, ವಾಪಸ್ ಬಂದೆ, ಬರ್ತಾ ಬರ್ತಾ ಈ ಗೆಳೆಯನಿಗೆ ಲಿಸ್ಟಿನ ಮಹಿಮೆಯ ಬಗ್ಗೆ ಮೇಲೆ ಬರೆದ ಅಷ್ಟೂ ಭಾಷಣ ಬಿಗಿದೆ, ಝೀಬ್ರೂಗ ಸಮೇತ. ಹಿಂದೆ ಹಾರ್ನ್. ಅದೇ ಬಿಸಿಯಲ್ಲಿ ಸ್ಟೀರಿಂಗ್ ಹಿಡ್ಕೊಂಡು ರಿವರ್ಸ್ ಹಾಕಿದೆ, ಮಗಳು ಏನೋ ಹೇಳ್ತಿದ್ದಳು, "ಒಂದ್ನಿಮಿಷ ಪುಟ್ಟಾ" ಅಂದೆ. ನೀರಿಗಿಳಿಸಿ ಇಂಜಿನ್ ಹಾಕಿ ಹಿಂದಕ್ಕೆ ತಗೊಂಡ್ರೆ ಬೋಟ್ ಅಲುಗೋದಿಲ್ಲ. ಇನ್ನೂ ಗ್ಯಾಸ್ ಕೊಟ್ಟೆ. ಟ್ರೈಲರೇ ಗುಡುಗುಡು ಅಂತು. ಹಿಂಬದಿ ಪಟ್ಟಿ ಎರಡೂ ಕಟ್ಟಿದ್ದ ಹಾಗೇ ಇದೆ, ಗೆಳೆಯ ಡಾಕಿನ ಮೇಲೆ ಫೋನ್ ಅಡ್ಡ ಹಿಡ್ಕೊಂಡು ನಿಂತಿದ್ದಾನೆ, ಮಗಳು ಕಾರ್ಡನ್ನ ನನ್ನ ಮುಖಕ್ಕೆ ಹಿಡಿದು ಬೆರಳಿಟ್ಟು ತೋರಿಸ್ತಿದ್ದಾಳೆ. ನಾಲ್ಕನೇ ಸಾಲು.

ಬಿರಡೆ ಹಾಕಿದ್ದೆ. ಅದೊಂದನ್ನ ಫೋಟೋದಲ್ಲಿ ಯಾರೂ ಗಮನಿಸೋದಿಲ್ಲ.