ಹೊಸ್ತಿಲಲ್ಲಿ ನಿಂತ ಮೇಷ್ಟ್ರು

ಬಾಸ್ಟನ್ ವಿಶ್ವವಿದ್ಯಾಲಯದ ಡೀನ್ ಅವರ ಆ ಇಮೇಲ್ ನೆನಪಾದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. 2024ರ ಮಾರ್ಚ್‌ನಲ್ಲಿ ಅಲ್ಲಿ ಪಾಠ ಹೇಳುವ ಸಂಶೋಧನಾ ವಿದ್ಯಾರ್ಥಿಗಳು ಮುಷ್ಕರ ಹೂಡಿದರಲ್ಲ, ಆಗ ತರಗತಿಗಳನ್ನು ಹೇಗೆ ತೂಗಿಸಬೇಕೆಂದು ಪ್ರಾಧ್ಯಾಪಕರಿಗೆ ಕೊಟ್ಟ ಸಲಹೆಗಳಲ್ಲಿ ಕೃತಕ ಬುದ್ಧಿಮತ್ತೆಯೂ ಒಂದು. ವಿದ್ಯಾರ್ಥಿಗಳ ಬರಹಕ್ಕೆ ಅದರಿಂದ ಅಭಿಪ್ರಾಯ ಕೊಡಿಸಬಹುದಂತೆ, ಚರ್ಚೆಯನ್ನೂ ನಡೆಸಬಹುದಂತೆ. ಎಂಥ ದೂರದೃಷ್ಟಿ! ಯಂತ್ರಕ್ಕೆ ಮನೆ ಬಾಡಿಗೆಯಿಲ್ಲ, ಹಲ್ಲುನೋವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಭೆಯಲ್ಲಿ ನನಗೂ ಒಂದು ಕುರ್ಚಿ ಹಾಕಿ ಎಂದು ಅದು ಕೇಳುವುದಿಲ್ಲ. ಯಾರ ಜಾಗದಲ್ಲೂ ಯಂತ್ರವನ್ನು ಕೂರಿಸುವುದಿಲ್ಲ ಎಂಬ ಸಮಜಾಯಿಷಿ ಆಮೇಲೆ ಬಂತು, ಇರಲಿ. ವಿದ್ಯಾರ್ಥಿ ಯಂತ್ರದಿಂದ ಬರೆಸಿದರೆ ಅದು ಕಳ್ಳತನ, ಬರೆದದ್ದನ್ನು ಯಂತ್ರದಿಂದ ತಿದ್ದಿಸಿದರೆ ಅದು ಆಡಳಿತ. ಎರಡನ್ನೂ ಯಂತ್ರಕ್ಕೇ ವಹಿಸಿಬಿಟ್ಟರೆ ಮನುಷ್ಯರು ಶುಲ್ಕ ಕಟ್ಟುವುದೊಂದನ್ನು ನೋಡಿಕೊಂಡರೆ ಸಾಕು.

ಅಷ್ಟಕ್ಕೂ ಈ ಪಾಠ ಹೇಳುವ ವಿದ್ಯಾರ್ಥಿ ಯಾರು? ಖಾಸಗಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಅದನ್ನು ಹೇಳಬೇಕಾದದ್ದು ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅದು ಇವರನ್ನು ನೌಕರರೆಂದಿತು, ಅಂದರೆ ಸಂಘ ಕಟ್ಟಿ ಆಡಳಿತದ ಜೊತೆ ಮಾತುಕತೆಗೆ ಕೂರುವ ಹಕ್ಕುಳ್ಳವರು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣ ಬಂದಾಗ, ಛೇ ಛೇ, ಇವರು ವಿದ್ಯಾರ್ಥಿಗಳು ಎಂದಿತು. 2016ರಲ್ಲಿ ಕೊಲಂಬಿಯಾ ಪ್ರಕರಣ, ಮತ್ತೆ ನೌಕರರು. ಹದಿನಾರು ವರ್ಷಗಳಲ್ಲಿ ಮೂರು ಜನ್ಮ! ಮಂಡಳಿಯ ಸದಸ್ಯರನ್ನು ನೇಮಿಸುವುದು ಅಧ್ಯಕ್ಷರು. ಶ್ವೇತಭವನದ ಒಕ್ಕಲು ಬದಲಾದ ಹಾಗೆ ಬಡಪಾಯಿ ಮೇಷ್ಟ್ರ ಜಾತಕವೂ ಬದಲಾಗುತ್ತದೆ. ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಮಾತ್ರ ಅಷ್ಟೇ ದಪ್ಪ.

ನನಗೆ ಹಿರಣ್ಯಕಶಿಪು ನೆನಪಾಗುತ್ತಾನೆ. ವರ ಕೇಳುವಾಗ ಅವನು ಎಂಥ ಜಾಣ! ಮನುಷ್ಯನಿಂದ ಸಾವು ಬೇಡ, ಮೃಗದಿಂದ ಬೇಡ, ಹಗಲು ಬೇಡ, ಇರುಳು ಬೇಡ, ಒಳಗೆ ಬೇಡ, ಹೊರಗೆ ಬೇಡ. ಈ ಕಾಲದಲ್ಲಿ ಹುಟ್ಟಿದ್ದರೆ ಯಾವುದಾದರೊಂದು ವಿಶ್ವವಿದ್ಯಾಲಯದ ಕಾನೂನು ಸಲಹೆಗಾರನಾಗಿ ಸುಖವಾಗಿರುತ್ತಿದ್ದ. ನೌಕರನಾಗಿ ಬಂದು ಕೇಳಿದರೆ, ‘ಮಗೂ, ನೀನು ಓದಲು ಬಂದವನು’. ವಿದ್ಯಾರ್ಥಿಯಾಗಿ ಬಂದು ಕೇಳಿದರೆ, ‘ಇದು ಸಿಬ್ಬಂದಿ ವಿಚಾರ’. ಸಂಬಳ ಎಂದು ಬಾಯಿ ತೆರೆದರೆ, ‘ಅದು ಸಂಬಳವಲ್ಲಪ್ಪ, ವಿದ್ಯಾರ್ಥಿವೇತನ’. ಯಾವ ಕಡೆಯಿಂದಲೂ ಸಾವಿಲ್ಲ. ಆದರೆ ಆ ವರದಲ್ಲಿ ಹೊಸ್ತಿಲು ಎಂಬ ತೂತೊಂದು ಉಳಿದಿತ್ತಲ್ಲ? ಒಳಗೂ ಅಲ್ಲದ, ಹೊರಗೂ ಅಲ್ಲದ ಜಾಗ. ಮುಷ್ಕರದವರು ಫಲಕ ಹಿಡಿದು ನಿಲ್ಲುವುದು ಎಲ್ಲಿ ಹೇಳಿ? ಗೇಟಿನಲ್ಲಿ. ಹೋಲಿಕೆಯನ್ನು ಇನ್ನೂ ಎಳೆಯುವುದು ಬೇಡ, ಇವರ ಉಗುರಿನಲ್ಲಿರುವುದು ಬರೀ ಕೆಂಪು ಶಾಯಿ.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಮಾತ್ರ ಇಂಥ ಗೊಂದಲ ಇರಲಿಲ್ಲ. 2023ರಲ್ಲಿ ಮುಷ್ಕರ ಹೂಡಿದವರ ಶುಲ್ಕ ವಿನಾಯಿತಿಯನ್ನು ರದ್ದು ಮಾಡಿ, ಪೂರ್ತಿ ಶುಲ್ಕ ಕಟ್ಟಿ ಎಂದಿತು. ಆರೋಗ್ಯ ವಿಮೆಯ ನೆರವಿಗೂ ಕತ್ತರಿ. ಕೆಲಸ ನಿಲ್ಲಿಸಿದವನು ನೌಕರ, ಬಿಲ್ಲು ಹೋದದ್ದು ವಿದ್ಯಾರ್ಥಿಯ ಹೆಸರಿಗೆ. ಇಬ್ಬರೂ ಒಬ್ಬನೇ ಎಂಬುದು ಆಗ ಎಷ್ಟು ಚೆನ್ನಾಗಿ ಹೊಳೆಯಿತು ನೋಡಿ.

ಇವರು ಕೇಳುತ್ತಿರುವುದಾದರೂ ಏನು? ಸಂಬಳದ ಮಾತು ಒಂದು ಕಡೆ ಇರಲಿ. ಒಂದು ಕೊಠಡಿಗೆ ಎಷ್ಟು ಮಂದಿಯನ್ನು ತುಂಬಬೇಕು, ಮುಷ್ಕರದಿಂದ ಅರ್ಧಕ್ಕೆ ನಿಂತ ಪಾಠಕ್ಕೆ ಅಂಕ ಹೇಗೆ ಕೊಡಬೇಕು ಎಂದು ತೀರ್ಮಾನಿಸುವಾಗ ನಮ್ಮನ್ನೂ ಒಂದು ಮಾತು ಕೇಳಿ ಎಂದಷ್ಟೇ. ಇಂಥ ಬೇಡಿಕೆಗೆ ಎಲ್ಲ ಆಡಳಿತಗಳೂ ಕೊಡುವ ಉತ್ತರ ಒಂದೇ: ‘ನಿಮ್ಮ ಧ್ವನಿ ನಮಗೆ ಅಮೂಲ್ಯ’. ಅಮೂಲ್ಯ ಬಹಳ ಒಳ್ಳೆಯ ಪದ. ಬೆಲೆ ಕಟ್ಟಲಾಗದ್ದು ಎಂದೂ ಓದಿಕೊಳ್ಳಬಹುದು, ಬೆಲೆಯೇ ಇಲ್ಲದ್ದು ಎಂದೂ ಓದಿಕೊಳ್ಳಬಹುದು. ತೀರಾ ಹಟ ಹಿಡಿದರೆ ಒಂದು ಸಮಾಲೋಚನಾ ಸಮಿತಿ ಹುಟ್ಟುತ್ತದೆ. ಅದರಲ್ಲಿ ಇವರಿಗೊಂದು ಸ್ಥಾನ ಉಂಟು, ಮತ ಇಲ್ಲ. ನಡಾವಳಿಯಲ್ಲಿ ‘ಹಾಜರಿದ್ದರು’ ಎಂದು ಹೆಸರು ಬರುತ್ತದೆ. ಗೋಡೆಯೂ ಹಾಜರಿತ್ತು.

ನಗುವುದಕ್ಕೂ ಬೇಸರವಾಗುತ್ತದೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ, ಸಂಶೋಧನೆಯ ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದರು. ಡಿಸೆಂಬರ್ ಪರೀಕ್ಷೆಗಳು ಎದುರಿಗೆ ಬಂದು ನಿಂತ ಮೇಲೆ ಅಲ್ಲಿ ನಿಜವಾಗಿ ದುಡಿಯುತ್ತಿದ್ದವರು ಯಾರೆಂದು ಗೊತ್ತಾಯಿತು. ಅದಕ್ಕೆ ಆರು ವಾರಗಳ ಮುಷ್ಕರ ಬೇಕಿತ್ತೇ? ಅಂಕಪಟ್ಟಿ ಖಾಲಿ ಉಳಿಯುವವರೆಗೆ ಇವರು ಕಣ್ಣಿಗೇ ಬೀಳುವುದಿಲ್ಲವೆಂದರೆ ಅದು ಕಣ್ಣಿನ ದೋಷವಲ್ಲ, ಮನಸ್ಸಿನದು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 2018ರ ಮುಷ್ಕರ 143 ದಿನ ನಡೆಯಿತು. ಮುಗಿದದ್ದು ಮಾತುಕತೆಯಿಂದಲ್ಲ. ಒಂಟಾರಿಯೊದ ಶಾಸನಸಭೆ ಕಾನೂನು ಮಾಡಿ ಅವರನ್ನು ಕೆಲಸಕ್ಕೆ ಅಟ್ಟಿತು.

ಎಷ್ಟೇ ನಿಧಾನದ ಬಡಗಿಯಾದರೂ ಒಂದು ಕುರ್ಚಿ ಮಾಡಲು 143 ದಿನ ತೆಗೆದುಕೊಳ್ಳುವುದಿಲ್ಲ.